ವ್ಯಾಯಾಮವೂ ರಕ್ತದ ಒತ್ತಡವೂ

(ಸಂಘದ ವಾರ್ಷಿಕೋತ್ಸವದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ತಂದೆಗೋ ತಾಯಿಗೋ ರಕ್ತದ ಒತ್ತಡವಿರುವ ಮನೆಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ: “ನಮ್ಮ ಮಕ್ಕಳು ಓಡಬಹುದೇ? ಗುಡ್ಡ ಹತ್ತಬಹುದೇ? ದಣಿದರೆ ಒತ್ತಡ ಏರುವುದಿಲ್ಲವೇ?” ಈ ಭಯದಿಂದ ಮಗನನ್ನು ಆಟದ ಬಯಲಿನಿಂದ ಹಿಂದಕ್ಕೆ ಕರೆಸಿಕೊಂಡ ಹೆತ್ತವರೂ ಉಂಟು. ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇಂದಿನ ಉದ್ದೇಶ.

ಒತ್ತಡ ಏರುವುದು ನಿಜ, ಏರಲೇಬೇಕು. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಆರೋಗ್ಯವಂತ ತರುಣನು ಬಿರುಸಾಗಿ ಓಡುವಾಗ ಅದು 20 ಲೀಟರನ್ನೂ ಮುಟ್ಟಬಹುದು. ಒತ್ತಡಕ್ಕೆ ಎರಡು ಅಂಕೆಗಳಿವೆ. ಹೃದಯವು ಸಂಕುಚಿಸಿದಾಗಿನದು ಮೇಲಿನದು, ಸಡಿಲಿದಾಗಿನದು ಕೆಳಗಿನದು. ಓಡುವಾಗ ಮೇಲಿನ ಅಂಕೆ 120ರಿಂದ 160, 180ರವರೆಗೆ ಏರುವುದು ಸಹಜ. ಆದರೆ ದುಡಿಯುವ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಅಗಲವಾಗುವುದರಿಂದ ಕೆಳಗಿನ ಅಂಕೆ ಹೆಚ್ಚೇನೂ ಬದಲಾಗದು. ವ್ಯಾಯಾಮ ನಿಂತ ಕೆಲವು ನಿಮಿಷಗಳಲ್ಲಿ ಮೇಲಿನದೂ ಇಳಿಯತೊಡಗುತ್ತದೆ.

ಕೆಲವರಲ್ಲಿ ಮಾತ್ರ, ಕುಳಿತಾಗ ಸರಿಯಾಗಿರುವ ಒತ್ತಡವು ದುಡಿದಾಗ ಮಿತಿಮೀರುತ್ತದೆ. ಮೇಲಿನ ಅಂಕೆ ಗಂಡಸರಲ್ಲಿ 210, ಹೆಂಗಸರಲ್ಲಿ 190 ಮುಟ್ಟಿದರೆ ಅದನ್ನು ಅತಿಯೆಂದು ಎಣಿಸುವ ವಾಡಿಕೆಯಿದೆ. ರಕ್ತನಾಳಗಳು ಬಿರುಸಾಗಿ, ಬೇಕಾದಷ್ಟು ಅಗಲವಾಗದಿರುವುದು ಇದಕ್ಕೊಂದು ಕಾರಣ. ಅಮೆರಿಕೆಯ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಹೃದ್ರೋಗದ ದೀರ್ಘ ಅಧ್ಯಯನವೊಂದು ಆರಂಭವಾಯಿತು. ಅಲ್ಲಿ ಒತ್ತಡವಿಲ್ಲದ ಸ್ತ್ರೀಪುರುಷರನ್ನು ಟ್ರೆಡ್‌ಮಿಲ್ ಯಂತ್ರದ ಮೇಲೆ ನಡೆಸಿ, ಎಂಟು ವರ್ಷಗಳ ತರುವಾಯ ಮತ್ತೆ ನೋಡಿದರು. ನಡೆಯುವಾಗ ಕೆಳಗಿನ ಅಂಕೆ ಅತಿಯಾಗಿ ಏರಿದವರಲ್ಲಿ ಮುಂದೆ ರಕ್ತದೊತ್ತಡದ ರೋಗ ಹೆಚ್ಚಾಗಿ ಕಂಡುಬಂದಿತೆಂದು 1999ರಲ್ಲಿ ಪ್ರಕಟಿಸಿದರು.

ಇದು ರೋಗವಲ್ಲ, ಮುನ್ಸೂಚನೆ. ಮಾಡು ಎಲ್ಲಿ ಸೋರುತ್ತದೆಂಬುದು ಮೊದಲ ಮಳೆಗೇ ತಿಳಿದರೆ, ಹಂಚು ಸರಿಪಡಿಸಲು ಅವಕಾಶವಿರುತ್ತದೆಯಲ್ಲವೇ?

ಆ ದುರಸ್ತಿಯ ಮುಖ್ಯ ಸಾಧನವು ವ್ಯಾಯಾಮವೇ ಆಗಿದೆ. ಚುರುಕಾಗಿ ನಡೆದ ಮೇಲೆ ಹಲವು ಗಂಟೆಗಳ ಕಾಲ ಒತ್ತಡವು ಮೊದಲಿಗಿಂತ ಕೆಳಗಿರುತ್ತದೆ. ತಿಂಗಳುಗಟ್ಟಲೆ ನಡೆದರೆ, ಒತ್ತಡ ಹೆಚ್ಚಿರುವವರಲ್ಲಿ ವಿಶ್ರಾಂತಿಯ ಮೇಲಿನ ಅಂಕೆಯೇ ಸರಾಸರಿ 5ರಿಂದ 8ರಷ್ಟು ಇಳಿಯುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ತೋಟದಲ್ಲಿ ದುಡಿದ ಹಿರಿಯರಿಗೆ ಈ ಉಪದೇಶ ಬೇಕಿರಲಿಲ್ಲ. ಅಂಗಡಿ, ಕಚೇರಿಗಳಲ್ಲಿ ಕುಳಿತೇ ಇರುವ ನಮಗೆ ಬೇಕಾಗಿದೆ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಎರಡು ಅಂಕೆಗಳೂ ಥಟ್ಟನೆ ನೆಗೆಯುತ್ತವೆ. ಮೂಟೆ ಎತ್ತುವಾಗ ಉಸಿರು ಬಿಡುತ್ತಾ ಎತ್ತಬೇಕು. ಎದೆನೋವು, ತಲೆಸುತ್ತು, ಅತಿ ಏದುಸಿರು ಇರುವವರು ಮೊದಲು ವೈದ್ಯರನ್ನು ಕಾಣಬೇಕು. ನಡೆಯುತ್ತಿದ್ದೇವೆಂದು ಗುಳಿಗೆಯನ್ನು ತಾವಾಗಿ ಬಿಡಬಾರದು. ದಿನದ ಉಪ್ಪು ಒಟ್ಟು 5 ಗ್ರಾಮಿಗಿಂತ, ಎಂದರೆ ಒಂದು ಚಹಾ ಚಮಚಕ್ಕಿಂತ, ಕಡಿಮೆಯಿರಲಿ. ಉಪ್ಪಿನಕಾಯಿ, ಹಪ್ಪಳ, ಉಪ್ಪಿನ ಸೊಳೆಗಳೂ ಆ ಲೆಕ್ಕಕ್ಕೆ ಸೇರಿದವು.

ಒತ್ತಡವಿರುವವರ ಪ್ರಾಯಕ್ಕೆ ಬಂದ ಮಕ್ಕಳು ವರ್ಷಕ್ಕೊಮ್ಮೆಯಾದರೂ, ಐದು ನಿಮಿಷ ಸುಮ್ಮನೆ ಕುಳಿತ ಬಳಿಕ, ಒತ್ತಡವನ್ನು ಅಳೆಯಿಸಿಕೊಳ್ಳಲಿ. ಮತ್ತೆ ಮತ್ತೆ 140/90ನ್ನು ಮುಟ್ಟಿದರೆ ಚಿಕಿತ್ಸೆಯ ಮಾತು. ಅದಕ್ಕೆ ಮೊದಲೇ ಮಕ್ಕಳನ್ನು ಮನೆಯೊಳಗೆ ಕೂರಿಸದಿರಿ. ಅವರು ಓಡಲಿ; ಅವರೊಡನೆ ನೀವೂ ನಡೆಯಿರಿ.