ಈಯದ ಚೊಂಬು ಕೊಳ್ಳುವ ಮುನ್ನ



ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಒಂದೇ ಹೆಸರಿನ ಇಬ್ಬರು ಖಾತೆದಾರರು ಬಂದರೆ ನಾವು ಹೆಸರೊಂದನ್ನೇ ನಂಬುತ್ತಿರಲಿಲ್ಲ. ತಂದೆಯ ಹೆಸರು, ಖಾತೆಯ ಸಂಖ್ಯೆ ಕೇಳುತ್ತಿದ್ದೆವು. ಈಗ ಹೇಳಹೊರಟಿರುವುದು ಒಂದೇ ಹೆಸರಿನ ಎರಡು ಲೋಹಗಳ ವಿಷಯ. ಅವುಗಳಲ್ಲಿ ಒಂದು ಅಡುಗೆಗೆ ಯೋಗ್ಯ, ಇನ್ನೊಂದು ವಿಷ.

ಹೊಸೂರು, ತಾಳವಾಡಿ ಕಡೆಯ ನಾವು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವವರು. ರಸಂ ರುಚಿಯಾಗಲೆಂದು ಪಾತ್ರೆ ಅಂಗಡಿಯಲ್ಲಿ 'ಈಯ ಚೊಂಬು' ಕೇಳುತ್ತೇವೆ. ತೊಡಕು ಇರುವುದು ಆ ಮಾತಿನಲ್ಲೇ. ಕನ್ನಡದಲ್ಲಿ ತವರ ಬೇರೆ, ಸೀಸ ಬೇರೆ. ತೆಲುಗಿನಲ್ಲೂ ತಗರಂ ಬೇರೆ, ಸೀಸಂ ಬೇರೆ. ತಮಿಳಿನ ಆಡುಮಾತಿನಲ್ಲಾದರೋ ಎರಡಕ್ಕೂ ಈಯಂ ಎಂದೇ ಹೇಳುವುದುಂಟು. ಬಿಡಿಸಿ ಹೇಳಬೇಕಾದರೆ ತವರ 'ವೆಳ್ಳೀಯಂ', ಸೀಸ 'ಕಾರೀಯಂ'. ಚೊಂಬು ಆಗಬೇಕಾದದ್ದು ವೆಳ್ಳೀಯದಿಂದ. ಆದ್ದರಿಂದ ಅಂಗಡಿಯಲ್ಲಿ ಬರೀ ಈಯಂ ಎನ್ನಬೇಡಿ. ವೆಳ್ಳೀಯಂ ಎಂದು ಕೇಳಿ, ಬಿಲ್ಲಿನಲ್ಲೂ ಹಾಗೆಯೇ ಬರೆಸಿ.

ಇಷ್ಟು ಎಚ್ಚರ ಏಕೆ ಎನ್ನುತ್ತೀರಾ? ಹುಣಸೆಹಣ್ಣು, ಟೊಮೆಟೊ, ನಿಂಬೆ ಇವುಗಳ ಹುಳಿ ಬಿಸಿಯಲ್ಲಿ ಸೀಸವನ್ನು ಕರಗಿಸಿಕೊಳ್ಳುತ್ತದೆ. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಅದು ತಿಳಿಯದು. ದೇಹಕ್ಕೆ ಇಷ್ಟು ಸೀಸ ಹೋದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದೇ ಪ್ರಮಾಣದ ಸೀಸ ಹೊಟ್ಟೆ ಸೇರಿದರೂ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ, ರಕ್ತಹೀನತೆ ತರುತ್ತದೆ. ಮಗು ಓದಿನಲ್ಲಿ ಹಿಂದೆ ಬಿದ್ದರೆ ನಾವು ಮಗುವನ್ನು ಬೈಯುತ್ತೇವೆ. ಅಡುಗೆಮನೆಯ ಪಾತ್ರೆಯನ್ನು ಯಾರು ಅನುಮಾನಿಸುತ್ತಾರೆ?

ಇನ್ನು ಲೆಕ್ಕದ ಮಾತು. ಪೇಟೆಯಲ್ಲಿ ತವರದ ಬೆಲೆ ಸೀಸದ ಬೆಲೆಯ ಹತ್ತು ಪಟ್ಟಿಗೂ ಹೆಚ್ಚು. ಬೆರಕೆ ಮಾಡುವವನಿಗೆ ಲಾಭವಿರುವುದು ಇಲ್ಲೇ. ತವರದ ಅಂದಿನ ದರ ವಿಚಾರಿಸಿ, ಚೊಂಬನ್ನು ತೂಗಿಸಿ, ಗುಣಿಸಿ ನೋಡಿ. ಲೋಹದ ಬೆಲೆಗಿಂತ ಕಡಿಮೆಗೆ ಚೊಂಬು ಸಿಕ್ಕರೆ ಅದು ಅಗ್ಗವಲ್ಲ, ಅನುಮಾನ. ಬಿಳಿ ಕಾಗದದ ಮೇಲೆ ಉಜ್ಜಿದಾಗ ಪೆನ್ಸಿಲಿನಂತೆ ಕಪ್ಪು ಗೆರೆ ಬಿದ್ದರೆ ಕೊಳ್ಳಬೇಡಿ. ಗೆರೆ ಬೀಳಲಿಲ್ಲವೆಂದು ಪೂರ್ತಿ ನಂಬಲೂ ಬೇಡಿ. ಸ್ವಲ್ಪ ಬೆರಕೆ ಇದರಲ್ಲಿ ತಿಳಿಯುವುದಿಲ್ಲ. ಖಚಿತವಾಗಿ ಹೇಳುವುದು ಲೋಹಪರೀಕ್ಷೆಯ ಪ್ರಯೋಗಾಲಯ ಮಾತ್ರ. ಅಜ್ಜಿಯ ಕಾಲದ ಚೊಂಬು ಎಂಬುದೂ ಪರೀಕ್ಷೆಯ ಚೀಟಿಯಲ್ಲ.

ಒಳ್ಳೆಯ ಚೊಂಬನ್ನೂ ಹದವರಿತು ಬಳಸಬೇಕು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬರಿದಾದ ಚೊಂಬನ್ನು ಗ್ಯಾಸಿನ ಉರಿಯ ಮೇಲಿಟ್ಟರೆ ತಳವೇ ಇಳಿದುಹೋದೀತು. ರಸವನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಕೊನೆಗೆ ಚೊಂಬಿಗೆ ಸುರಿಯುವುದು ಕ್ಷೇಮ. ರಾತ್ರಿಯಿಡೀ ಅದರಲ್ಲೇ ಬಿಡಬೇಡಿ.

ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವಾಗಲೂ ಇದೇ ಮಾತು. ತಮಿಳಿನಲ್ಲಿ ಅದಕ್ಕೂ 'ಈಯಂ ಪೂಸುವುದು' ಎನ್ನುತ್ತಾರೆ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರುತ್ತಾರೆ. ಎದುರೇ ನಿಂತು ನೋಡಿ. ಬೆಸುಗೆಗೆ ಬಳಸುವ ಕಡ್ಡಿಯಲ್ಲಿ ಸೀಸ ಸೇರಿರುವುದುಂಟು, ಅದು ಬೇಡವೆನ್ನಿ. ಒಳಗಿನ ಬಿಳುಪು ಮಾಸಿ ಕೆಂಪು, ಹಳದಿ ಕಾಣತೊಡಗಿದರೆ ಮತ್ತೆ ಕಲಾಯಿ ಆಗಲೇಬೇಕು, ಅದರಲ್ಲಿ ಹುಳಿ ಬೇಯಿಸಬಾರದು. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯ ಆಹಾರ ತಿನ್ನಲು ಯೋಗ್ಯವಲ್ಲವೆಂದು 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಬರೆದಿತ್ತು. ಮದುವೆ, ಜಾತ್ರೆಗೆ ಬಾಡಿಗೆ ಕೊಪ್ಪರಿಗೆ ತರುವವರು ಮೊದಲು ಅದರೊಳಗೆ ಬಗ್ಗಿ ನೋಡಿ.

ಮನೆಯ ಚೊಂಬಿನ ಮೇಲೆ ಅನುಮಾನವಿದ್ದರೆ ಅಡುಗೆಗೆ ಬಳಸುವುದನ್ನು ಇಂದೇ ನಿಲ್ಲಿಸಿ. ಮನೆಯಲ್ಲಿ ಕರಗಿಸಲು ಹೋಗಬೇಡಿ. ಸೀಸದ ಹೊಗೆಯೂ ವಿಷವೇ. ಮಕ್ಕಳು ಬಹುಕಾಲ ಅದರ ರಸ ಉಂಡಿದ್ದರೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಎರಡು ಭಾಷೆ ಬಲ್ಲವರು ನಾವು. ಆ ಬಲ್ಲತನ ಅಂಗಡಿಯ ಕಟ್ಟೆಯಲ್ಲೂ ನಮ್ಮ ಕೈಹಿಡಿಯಲಿ. ಕೇಳಬೇಕಾದದ್ದು ತವರ, ವೆಳ್ಳೀಯಂ.