ಹಿಮಾಲಯದ ಮುಂದಿನ ದೋಣಿ

ಕಾಶಿಯಾತ್ರೆ ಮಾಡಿ ಬಂದವರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇರಬಹುದು. ರೈಲಿನ ಕಿಟಕಿಯಿಂದ ಅವರು ಕಂಡ ನೆಲ ಎಂಥದೆಂದು ಕೇಳಿನೋಡಿ. ‘ಗಂಟೆಗಟ್ಟಲೆ ನೋಡಿದರೂ ಒಂದು ಬಂಡೆಯಿಲ್ಲ, ಒಂದು ಗುಡ್ಡವಿಲ್ಲ, ಕಣ್ಣು ಹರಿಯುವವರೆಗೂ ಹೊಲ’ ಎಂದಾರು. ಬಾವಿ ತೋಡಹೊರಟರೆ ಕಲ್ಲು ತಗಲುವ ನಾಡಿನವರಾದ ನಮಗೆ ಇದು ಸೋಜಿಗವೇ ಸರಿ. ಆ ಸಮತಟ್ಟಾದ ಬಯಲು ತುಂಬಿಹೋದ ಒಂದು ಮಹಾ ತಗ್ಗು ಎಂದರೆ ನೀವು ನಂಬುವಿರಾ?

ನಾನೂ ಇದನ್ನು ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ. ಕನ್ನಡದ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು, “‘ಮುಂಭೂಮಿ ಜಲಾನಯನ ಪ್ರದೇಶ’ ಎಂದರೇನು ಸಾರ್?” ಎಂದು ಕೇಳಿದ. ಎಲ್ಲಿಯೋ ಓದಿದ್ದನಂತೆ. ಪದವನ್ನು ಬಿಡಿಸಿ ಅರ್ಥ ಹೇಳುವುದು ಪಂಡಿತರ ಅಭ್ಯಾಸವಷ್ಟೆ. ‘ಬೆಟ್ಟದ ಮುಂದೆ ನದಿಯ ನೀರು ಕೂಡುವ ಪ್ರದೇಶ’ ಎಂದುಬಿಟ್ಟೆ. ಅವನು ಬರೆದುಕೊಂಡ. ಮನೆಗೆ ಬಂದು ಭೂವಿಜ್ಞಾನದ ಪುಸ್ತಕ ತೆರೆದಾಗ ನನ್ನ ಅರ್ಥ ಅನರ್ಥವೆಂದು ತಿಳಿಯಿತು. ಅದು ‘ಫೋರ್‌ಲ್ಯಾಂಡ್ ಬೇಸಿನ್’ ಎಂಬ ಮಾತಿನ ಅನುವಾದ. ಈ ಹೆಸರನ್ನು ರೂಢಿಗೆ ತಂದವರು ಅಮೆರಿಕದ ವಿಲಿಯಂ ಡಿಕಿನ್ಸನ್, 1974ರಲ್ಲಿ. ಅದಕ್ಕೂ ಬಹಳ ಹಿಂದೆಯೇ ವಿಯೆನ್ನಾದ ಎಡ್ವರ್ಡ್ ಸ್ಯೂಸ್ ಎಂಬ ವಿದ್ವಾಂಸರು ಗಂಗೆಯ ಬಯಲನ್ನು ಹಿಮಾಲಯದ ಮುಂದಣ ಆಳವಾದ ತಗ್ಗೆಂದು ಗುರುತಿಸಿದ್ದರು.

ಈ ತಗ್ಗು ಹೇಗೆ ಉಂಟಾಯಿತು? ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತವನ್ನು ಹೊತ್ತ ಶಿಲಾಫಲಕವು ಉತ್ತರಕ್ಕೆ ಸರಿಯುತ್ತ ಏಷ್ಯಾಖಂಡಕ್ಕೆ ತಾಗಿತು. ಆ ಒತ್ತಡದಲ್ಲಿ ಶಿಲೆಗಳು ಮಡಿಸಿ, ಒಂದರ ಮೇಲೊಂದು ಏರಿ, ಹಿಮಾಲಯವಾಯಿತು. ಅಂಥ ಪರ್ವತದ ಭಾರವನ್ನು ಹೊತ್ತ ಫಲಕ ಬಾಗದೆ ಇದ್ದೀತೆ? ಹಗ್ಗದ ಮಂಚದ ಮೇಲೆ ಸ್ಥೂಲಕಾಯರಾದ ಅಜ್ಜನವರು ಕುಳಿತದ್ದನ್ನು ನೆನೆಯಿರಿ. ಅವರು ಕುಳಿತಲ್ಲಿ ಮಾತ್ರವೇ ಹಗ್ಗ ತಗ್ಗುವುದಿಲ್ಲ. ಪಕ್ಕದಲ್ಲಿಯೂ ಇಳಿಜಾರಾಗಿ, ಎಲೆಯಡಿಕೆಯ ತಟ್ಟೆ ಅವರ ಕಡೆಗೇ ಜಾರುತ್ತದೆ. ಹಾಗೆಯೇ ಪರ್ವತದ ಬುಡದಲ್ಲಿ ನೆಲ ಕುಸಿಯಿತು. ನಮ್ಮ ಕಾಲಡಿಯ ಕಲ್ಲನ್ನು ಹೊತ್ತಿರುವ ಫಲಕವೇ ಅಲ್ಲಿ ಉತ್ತರಕ್ಕೆ ಬಾಗಿ ಹಿಮಾಲಯದ ಅಡಿಗೆ ಹೋಗಿದೆ.

ತಗ್ಗನ್ನು ಮಾಡಿದ ಪರ್ವತವೇ ಅದನ್ನು ತುಂಬಿತು. ಮಳೆಯೂ ಹಿಮವೂ ಬೆಟ್ಟವನ್ನು ಸವೆಸಿದವು. ಗಂಗೆ, ಯಮುನೆ, ಗಂಡಕಿ, ಕೋಸಿ ನದಿಗಳು ಕಲ್ಲು, ಮರಳು, ಮೆಕ್ಕಲನ್ನು ತಂದು ಸುರಿದವು. ಹೀಗೆ ಕೂಡಿದ ರಾಶಿ ಬೆಟ್ಟದ ಬುಡದ ಬಳಿ ಹಲವು ಕಿಲೋಮೀಟರು ದಪ್ಪವಾಗಿದೆ. ತೆಂಕಲಿಗೆ ಬರುತ್ತ ತೆಳುವಾಗಿ, ವಿಂಧ್ಯದ ಕಡೆ ಗಟ್ಟಿಕಲ್ಲು ಮತ್ತೆ ಮೇಲೆ ಕಾಣುತ್ತದೆ. ಜಗತ್ತಿನಲ್ಲಿ ಇಂಥವು ಇನ್ನೂ ಉಂಟು. ಆಲ್ಪ್ಸ್ ಪರ್ವತದ ಬಡಗಣ ಬಯಲು ಹೀಗಾದದ್ದೇ. ಇರಾನಿನ ಜಾಗ್ರೋಸ್ ಪರ್ವತದ ಮುಂದಿನ ತೈಲಸಮೃದ್ಧವಾದ ತಗ್ಗೂ ಹೀಗಾದದ್ದೇ.

ಪರ್ವತ ಇನ್ನೂ ಮುಂದೊತ್ತುತ್ತಿರುವುದರಿಂದ ತಗ್ಗಿನ ಹಳೆಯ ಅಂಚೂ ಮಡಿಸಿ ಮೇಲೆದ್ದಿದೆ. ಅದೇ ಶಿವಾಲಿಕ ಬೆಟ್ಟಗಳ ಸಾಲು. ಅಲ್ಲಿಯ ಮರಳುಗಲ್ಲಿನಲ್ಲಿ ಫಾಕನರ್ ಮತ್ತು ಕಾಟ್ಲಿ ಎಂಬಿಬ್ಬರು ಜಿರಾಫೆಯ ಕುಲದ ಒಂದು ಮಹಾಪ್ರಾಣಿಯ ಅಸ್ಥಿಗಳನ್ನು ಕಂಡು, 1836ರಲ್ಲಿ ಅದಕ್ಕೆ ಶಿವನ ಹೆಸರನ್ನೇ ಕೂಡಿಸಿ ‘ಶಿವಥೀರಿಯಂ’ ಎಂದು ಕರೆದರು. ಇದೇ ಕಾಟ್ಲಿಯವರು ಮುಂದೆ ಹರಿದ್ವಾರದಿಂದ ಗಂಗಾ ನಾಲೆಯನ್ನು ತೆಗೆದು, 1854ರಲ್ಲಿ ಆ ಬಯಲಿಗೆ ನೀರು ಹರಿಸಿದರು.

ತುಂಬಿದ ತಗ್ಗು ಅನ್ನ ಕೊಡುತ್ತದೆ; ಅದರ ಮರಳಿನ ಪದರಗಳು ಬಾವಿಗಳಿಗೆ ನೀರು ಕೊಡುತ್ತವೆ. ಆದರೆ ಅಪಾಯವೂ ಅಲ್ಲಿಯೇ ಇದೆ. 1934ರ ಜನವರಿ 15ರ ಮಧ್ಯಾಹ್ನ ನೇಪಾಳ, ಬಿಹಾರಗಳಲ್ಲಿ ಭೂಮಿ ನಡುಗಿತು. ಉತ್ತರ ಬಿಹಾರದಲ್ಲಿ ನೀರು ತುಂಬಿದ ಮರಳು ಅಲುಗಿ ರಸದಂತಾಯಿತು. ಮನೆಗಳು ವಾಲಿ ಹೂತವು. ನೆಲ ಬಿರಿದು ಮರಳುನೀರು ಚಿಮ್ಮಿತು. ಬಾವಿಗಳೂ ಹೊಲಗಳೂ ಮರಳಿನಿಂದ ಮುಚ್ಚಿದವು. ಎರಡೂ ನಾಡುಗಳಲ್ಲಿ ಸತ್ತವರು 10,000ಕ್ಕೂ ಹೆಚ್ಚು. ಹಿಮಾಲಯದ ಉದ್ದಕ್ಕೂ ಇಂದಿಗೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಒತ್ತುವಿಕೆ ನಡೆದಿದೆ. ಆ ಬಯಲಿನಲ್ಲಿ ಮನೆ ಕಟ್ಟುವವನು ತಾನು ತಗ್ಗಿನ ಮೇಲೆ ನಿಂತಿದ್ದೇನೆಂದು ಅರಿತಿರುವುದು ಒಳ್ಳೆಯದಲ್ಲವೆ?

ಆದುದರಿಂದಲೇ ಹೆಸರು ಮುಖ್ಯ. ‘ಜಲಾನಯನ’ ಎಂದರೆ ನದಿಗೆ ನೀರು ಕೂಡಿಬರುವ ಪ್ರದೇಶ. ಅದು ನೆಲದ ಮೇಲಿನ ಮಾತು. ಇಲ್ಲಿ ಹೇಳಬೇಕಾದದ್ದು ನೆಲದ ಕೆಳಗಿನ ಬಾಗು. ಸಂಸ್ಕೃತದಲ್ಲಿ ‘ದ್ರೋಣಿ’ ಎಂದರೆ ಮರದ ತೊಟ್ಟಿ. ಅದರ ತದ್ಭವ ನಮ್ಮ ‘ದೋಣಿ’. ಬಂಡೆಯ ಮೇಲೆ ನೀರು ನಿಲ್ಲುವ ತಗ್ಗನ್ನು ನಮ್ಮ ಹಳ್ಳಿಗರು ‘ದೊಣೆ’ ಎನ್ನುತ್ತಾರೆ. ‘ಮಲೆಯಡಿಯ ದೋಣಿ’ ಎಂದರೆ ಪರ್ವತವೂ ಬಂತು, ಅದರ ಬುಡವೂ ಬಂತು, ತಗ್ಗೂ ಬಂತು. ಇದಕ್ಕಿಂತ ಲೇಸಾದ ಮಾತು ನಿಮಗೆ ತೋರಿದರೆ ಅದೇ ನಿಲ್ಲಲಿ.

ಮರುದಿನ ಆ ಹುಡುಗನ ಪುಸ್ತಕವನ್ನು ತರಿಸಿ, ನಾನು ಹೇಳಿದ್ದ ಅರ್ಥವನ್ನು ನನ್ನ ಕೈಯಿಂದಲೇ ಹೊಡೆದುಹಾಕಿ ಸರಿಯಾದುದನ್ನು ಬರೆದೆ. “ಹಾಗಾದರೆ ಆ ದೋಣಿ ಪೂರ್ತಿ ತುಂಬಿತೇ ಸಾರ್?” ಎಂದು ಕೇಳಿದ. ಇಲ್ಲವಪ್ಪ, ನೆಲ ಬಾಗುತ್ತಲೇ ಇದೆ, ನದಿಗಳು ತುಂಬುತ್ತಲೇ ಇವೆ ಎಂದೆ.