ಹೂವಿನ ಬುತ್ತಿ

ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿನಿಂದ ತಂದ ಗುಲಾಬಿ ಮೂರನೇ ದಿನಕ್ಕೇ ಕತ್ತು ಬಾಗಿಸಿದರೆ ನಾವು ಮಾರಿದವರನ್ನು ಬೈಯುತ್ತೇವೆ. ಹೂದಾನಿಯ ನೀರು ಬದಲಿಸದಿದ್ದರೂ ಹೂ ಬೇಗ ಬಾಡುತ್ತದೆ, ನಿಜ. ಆದರೆ ಅದರ ಆಯಸ್ಸಿನ ಒಂದು ಪಾಲು ಗಿಡದಲ್ಲಿದ್ದಾಗಲೇ ನಿರ್ಧಾರವಾಗಿರುತ್ತದೆ.

ಕೊಯ್ದ ಹೂವಿಗೆ ಬೇರಿಲ್ಲ. ಎಲೆಗಳು ಮಾಡಿಟ್ಟ ಸಕ್ಕರೆಯೇ ಅದರ ದಾರಿಬುತ್ತಿ. ಈ ಬುತ್ತಿಗೆ ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ಸಾಲವು. ಕಬ್ಬಿಣ, ಸತು, ಬೋರಾನ್, ಮ್ಯಾಂಗನೀಸ್‌ನಂಥ ಲಘು ಪೋಷಕಾಂಶಗಳೂ ಬೇಕು. ಕಬ್ಬಿಣ ಸಿಗದಿದ್ದರೆ ಎಲೆಗೆ ಹಸಿರಿಲ್ಲ, ಹಸಿರಿಲ್ಲದೆ ಸಕ್ಕರೆಯಿಲ್ಲ. ಸತು ಕಡಿಮೆಯಾದರೆ ಕಾಂಡ ಗಿಡ್ಡವಾಗುತ್ತದೆ. ಕಾರ್ನೇಷನ್ ಹೂವಿನ ಬುಡದ ಹಸಿರು ಬಟ್ಟಲು ಸೀಳುವುದಕ್ಕೆ ಬೋರಾನ್ ಕೊರತೆಯೂ ಒಂದು ಕಾರಣ. ಸೀಳಿದ ಹೂವಿಗೆ ಒಳ್ಳೆಯ ದರ ಸಿಗದು.

ವಿಜಯಪುರ, ಕಲಬುರಗಿ ಕಡೆಯ ಎರೆ ನೆಲ ಬಲ್ಲವರಿಗೆ ಪುಣೆ ಜಿಲ್ಲೆಯ ಕಪ್ಪು ಮಣ್ಣು ಹೊಸದಲ್ಲ. ಸುಣ್ಣದಂಶ ಹೆಚ್ಚಿರುವ ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದನ್ನು ಕಂಡು ಯೂರಿಯಾ ಸುರಿದರೆ ದುಡ್ಡು ದಂಡ. ಫೆಬ್ರವರಿ 14ರ ಗುಲಾಬಿಗೆ ಹೆಸರಾದ ಮಾವಳ, ತಳೇಗಾಂವ್ ಕಡೆಯ ಪಾಲಿಹೌಸುಗಳಲ್ಲಿ ಕೆಂಪು ಮಣ್ಣಿನ ಮಡಿ ಮಾಡಿ, ಹನಿ ನೀರಿನಲ್ಲೇ ಗೊಬ್ಬರ ಕರಗಿಸಿ ಕೊಡುವುದಕ್ಕೆ ಇದೂ ಒಂದು ಕಾರಣ.

ಬೇಕಾಗುವುದು ಎಷ್ಟು? ಇಲ್ಲಿಯವರು ನಿಶಿಗಂಧ ಎನ್ನುವ ನಮ್ಮ ಸುಗಂಧರಾಜಕ್ಕೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳುವ ಸಿಂಪರಣೆ ನೋಡಿ: ಲೀಟರ್ ನೀರಿಗೆ ಸತುವಿನ ಸಲ್ಫೇಟ್ 5 ಗ್ರಾಂ, ಕಬ್ಬಿಣದ ಸಲ್ಫೇಟ್ 2 ಗ್ರಾಂ, ಬೋರಿಕ್ ಆಮ್ಲ 1 ಗ್ರಾಂ. ಅಷ್ಟೇ. ಹೆಚ್ಚಾದರೆ ಅಪಾಯ, ಬೋರಾನ್‌ನಲ್ಲಂತೂ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು, ಎಲೆಯ ಅಂಚೇ ಸುಟ್ಟುಹೋಗುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಗೊಬ್ಬರಗಳ ಗಟ್ಟಿ ದ್ರಾವಣದೊಂದಿಗೆ ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಗಷ್ಟು ಕೂತು ಹನಿ ಕೊಳವೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಎರಡು ತೊಟ್ಟಿ ಇಡುತ್ತಾರೆ.

ಊರಲ್ಲಿ ಹೂ ಬೆಳೆಯುವ ಅಣ್ಣತಮ್ಮಂದಿರಿದ್ದರೆ ಒಂದು ಮಾತು ತಿಳಿಸಿ: ಬಣ್ಣದ ಬಾಟಲಿ ಕೊಳ್ಳುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಲಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪುಷ್ಪ ಸಂಶೋಧನಾ ನಿರ್ದೇಶನಾಲಯವೂ ನಮ್ಮ ಪುಣೆಯಲ್ಲೇ ಇದೆ. ಇನ್ನು ಕೊಳ್ಳುವ ನಾವು, ಹೂವಿಗಿಂತ ಮೊದಲು ಅದರ ಎಲೆ ನೋಡೋಣ. ಎಲೆ ಒಂದೇ ಸಮ ಹಸಿರಾಗಿ, ಕಾಂಡ ಗಟ್ಟಿಯಾಗಿದ್ದರೆ ಬುತ್ತಿ ತುಂಬಿದೆ ಎಂದೇ ತಿಳಿಯಿರಿ. ಅಂಥ ಹೂವಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.